ಮೇಲ್ಮನವಿ ತಡವಾಗಿದ್ದರೆ: ಸದಸ್ಯರ ಗಮನಕ್ಕೆ

ಹಾಸನ, ಆಲೂರು, ಸಕಲೇಶಪುರ ಕಡೆ ಜಮೀನಿನ ದಾವೆ ಇರುವವರು ದಯವಿಟ್ಟು ಓದಿ.

ಸಿವಿಲ್ ಡಿಕ್ರಿ (ದಾವೆಯ ತೀರ್ಪಿನಂತೆ ಕೋರ್ಟು ಹೊರಡಿಸುವ ಆದೇಶ) ಮೇಲೆ ಜಿಲ್ಲೆಯೊಳಗಿನ ಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನ, ಹೈಕೋರ್ಟಿಗೆ 90 ದಿನ. ತೀರ್ಪಿನ ದಿನ ಲೆಕ್ಕಕ್ಕಿಲ್ಲ. ಗಡುವಿನೊಳಗೇ ತೀರ್ಪು, ಡಿಕ್ರಿಯ ನಕಲಿಗೆ ಅರ್ಜಿ ಕೊಟ್ಟಿದ್ದರೆ, ನಕಲು ಸಿದ್ಧವಾಗುವವರೆಗಿನ ದಿನಗಳನ್ನೂ ಕಳೆಯುತ್ತಾರೆ. ಸಿದ್ಧವಾದ ಮೇಲೂ ತರಲು ಹೋಗದೆ ಕೂತ ದಿನಗಳು ಮಾತ್ರ ನಿಮ್ಮ ತಲೆಗೇ! ನಕಲಿನ ಮೊಹರಿನಲ್ಲಿರುವ ತಾರೀಕುಗಳನ್ನು ಮೊದಲು ನೋಡಿಕೊಳ್ಳಿ.

ಗಡುವು ಮೀರಿದ್ದರೆ 1963ರ ಕಾಲಮಿತಿ ಕಾಯ್ದೆಯ 5ನೇ ಕಲಂ ಪ್ರಕಾರ ವಿಳಂಬ ಮನ್ನಾ ಅರ್ಜಿಯನ್ನು ಅಫಿಡವಿಟ್ (ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ) ಸಮೇತ ಮೇಲ್ಮನವಿಯ ಜೊತೆಗೇ ಹಾಕಬೇಕು. ಹೊಸ ದಾವೆಗೆ ಈ ಕಲಂ ಅನ್ವಯಿಸುವುದಿಲ್ಲ.

ಜನ ಎಡವುವುದು ಅಫಿಡವಿಟ್‌ನಲ್ಲಿ. ಉದಾಹರಣೆಗೆ, ತಡ 47 ದಿನ, ಡಾಕ್ಟರ ಸರ್ಟಿಫಿಕೇಟು 15 ದಿನದ್ದು. ಉಳಿದ 32 ದಿನ ಎಲ್ಲಿದ್ದಿರಿ ಅಂದರೆ? "ಕಾಫಿ ಕೊಯ್ಲಿತ್ತು, ಮಳೆ ಹಿಡಿದಿತ್ತು" ಎಂದಷ್ಟೇ ಬರೆದರೆ ಸಾಲದು. ತಾರೀಕು, ದಾಖಲೆ ಬೇಕು. ಸುಪ್ರೀಂ ಕೋರ್ಟಿನ 1987ರ ಕಾತಿಜಿ ತೀರ್ಪು ವಿಳಂಬವನ್ನು ಉದಾರವಾಗಿ ನೋಡಿ ಎಂದಿದೆ, ನಿಜ. ಆದರೆ ಅಲ್ಲಿ ತಡವಾಗಿದ್ದು 4 ದಿನ. 2012ರಲ್ಲಿ ಅಂಚೆ ಇಲಾಖೆಯ 427 ದಿನಗಳ ವಿಳಂಬವನ್ನು ಅದೇ ಸುಪ್ರೀಂ ಕೋರ್ಟ್ ಮನ್ನಿಸಲಿಲ್ಲ.

ಕೊನೇ ದಿನ ಕೋರ್ಟಿಗೆ ರಜೆಯಿದ್ದರೆ ಬಾಗಿಲು ತೆರೆದ ದಿನವೇ ಹಾಕಿ, ಮನ್ನಾ ಅರ್ಜಿ ಬೇಕಿಲ್ಲ.