ಎಕ್ಸ್‌ಜೆ-ಎಸ್: ತಪ್ಪು ಎಂಜಿನ್ನಿನದಲ್ಲ, ಬಿಸಿಯದು

ಮಾನ್ಯ ಸಂಪಾದಕರೇ,

ಹಳೆಯ ಕಾರುಗಳ ಮಾತು ಬಂದಾಗಲೆಲ್ಲ ಜಾಗ್ವಾರ್ ಎಕ್ಸ್‌ಜೆ-ಎಸ್ ಬಗ್ಗೆ ‘ಪೆಟ್ರೋಲ್ ಕುಡಿಯುತ್ತದೆ, ದಾರಿಯಲ್ಲಿ ಕೈಕೊಡುತ್ತದೆ’ ಎಂದು ಬರೆದು ಮುಗಿಸುವುದು ರೂಢಿಯಾಗಿದೆ. ಮೊದಲ ದೂರಿಗೆ ಕಂಪನಿ 1981ರಲ್ಲೇ ಪರಿಹಾರ ಹುಡುಕಿತ್ತು. ಎರಡನೆಯದರ ಮೂಲ ಎಂಜಿನ್ನಿನಲ್ಲಿಲ್ಲ, ಬಾನೆಟ್ಟಿನ ಅಡಿ ಸೇರುವ ಬಿಸಿಯಲ್ಲಿದೆ.

ಎಕ್ಸ್‌ಜೆ ಸೆಡಾನಿನ ತಳವನ್ನು ಗಿಡ್ಡ ಮಾಡಿ, 5.3 ಲೀಟರಿನ 12 ಸಿಲಿಂಡರ್ ಎಂಜಿನ್ ಕೂರಿಸಿ, 1975ರ ಸೆಪ್ಟೆಂಬರಿನಲ್ಲಿ ಕಾರನ್ನು ಹೊರತಂದರು. ಅದರ ಆಕಾರಕ್ಕೆ ಅಡಿಪಾಯ ಹಾಕಿದ ಜಾಗ್ವಾರ್ ವಿನ್ಯಾಸಕಾರ ಮಾಲ್ಕಂ ಸೇಯರ್ 1970ರಲ್ಲೇ ತೀರಿಕೊಂಡಿದ್ದರು. ತೈಲ ಬಿಕ್ಕಟ್ಟಿನ ನಂತರದ ಕಾಲ. 1980ರಲ್ಲಿ ತಯಾರಿಕೆ ಸುಮಾರು ಒಂದು ಸಾವಿರಕ್ಕೆ ಕುಸಿಯಿತು. ಆಗ ಕಾರನ್ನು ಉಳಿಸಿದ್ದು ಸ್ವಿಸ್ ಎಂಜಿನಿಯರ್ ಮೈಕಲ್ ಮೇ ಅವರ ಸಿಲಿಂಡರ್ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ, ವಾಲ್ವುಗಳಿರುವ ಭಾಗ. ಪಿಸ್ಟನ್ ಮೇಲೇರುವಾಗ ಇನ್‌ಲೆಟ್ ವಾಲ್ವ್ ಅಡಿಯ ಪೆಟ್ರೋಲ್-ಗಾಳಿ ಮಿಶ್ರಣ ಒಂದು ಓರೆ ಕಾಲುವೆಯ ಮೂಲಕ ಎಕ್ಸಾಸ್ಟ್ ವಾಲ್ವಿನ ಆಳದ ಗುಳಿಗೆ ಸುಳಿಯಾಗಿ ನುಗ್ಗುತ್ತದೆ. ಸ್ಪಾರ್ಕ್ ಪ್ಲಗ್ ಇರುವುದೂ ಅಲ್ಲಿಯೇ. ಹಾಗಾಗಿ ಪೆಟ್ರೋಲ್ ಅಂಶ ಕಡಿಮೆಯಿದ್ದರೂ ಪೂರ್ತಿ ಉರಿಯುತ್ತದೆ. ಕಂಪ್ರೆಷನ್, ಅಂದರೆ ಉರಿಯುವ ಮೊದಲು ಮಿಶ್ರಣವನ್ನು ಅದುಮುವ ಪ್ರಮಾಣ, ಆರಂಭದಲ್ಲಿ 9:1 ಇದ್ದದ್ದು 12.5:1ಕ್ಕೆ ಏರಿತು. 1996ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಒಟ್ಟು ಸಂಖ್ಯೆ 1,15,413. ಸೋತ ಕಾರು ಇಪ್ಪತ್ತೊಂದು ವರ್ಷ ಬಾಳುವುದಿಲ್ಲ.

ಇನ್ನು ಬಿಸಿ. ಎಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರಿನ ಮುಂದೆ, ಏಸಿಯ ಬಿಸಿ ಹೊರಹಾಕುವ ಕಂಡೆನ್ಸರ್ ಇದೆ. ಎರಡರ ನಡುವಿನ ಸಂದಿಯಲ್ಲಿ ತರಗೆಲೆ, ಧೂಳು, ಹುಳುಗಳು ಸೇರಿ ಚಾಪೆಯಂತೆ ಗಟ್ಟಿಯಾಗುತ್ತವೆ. ಮುಂದಿನಿಂದ ಇಣುಕಿದರೆ ಏನೂ ಕಾಣುವುದಿಲ್ಲ, ರೇಡಿಯೇಟರ್ ಇಳಿಸಿಯೇ ನೋಡಬೇಕು. ರೇಡಿಯೇಟರಿನ ಒಳಗೆ ಹೂಳು ಕಟ್ಟುವುದು ಕೆಳಗಿನ ಕೊಳವೆ ಸಾಲುಗಳಲ್ಲಿ. ಕೂಲೆಂಟ್ (ತಣಿಸುವ ದ್ರವ) 20 ಲೀಟರಿಗೂ ಹೆಚ್ಚು ಬೇಕು. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿಟ್ಟು, ಮೊದಲು ಎಂಜಿನ್ ಮೇಲಿನ ಮುಚ್ಚಳದಿಂದ ತುಂಬಬೇಕು. ಪಕ್ಕದ ಟ್ಯಾಂಕಿನಿಂದ ಮಾತ್ರ ತುಂಬಿದರೆ ಗಾಳಿ ಒಳಗೇ ಉಳಿಯುತ್ತದೆ. ಬಿಸಿಗೆ ತಕ್ಕಂತೆ ಕೂಲೆಂಟ್ ಹರಿವನ್ನು ಬಿಡುವ ಥರ್ಮೋಸ್ಟಾಟ್ ಎರಡಿವೆ, ಎರಡನ್ನೂ ಒಟ್ಟಿಗೇ ಬದಲಿಸಿ. ಒಮ್ಮೆ ವಿಪರೀತ ಕಾದರೆ ಅಲ್ಯೂಮಿನಿಯಂ ಹೆಡ್‌ನಿಂದ ವಾಲ್ವ್ ಸೀಟ್ (ವಾಲ್ವ್ ಕೂರುವ ಉಂಗುರ) ಕಳಚಿ ಬೀಳಬಹುದು. ಆಮೇಲಿನ ಖರ್ಚು ಕಾರಿನ ಬೆಲೆಯನ್ನೇ ಮೀರೀತು.

ಎರಡು ಸಾಲು ಸಿಲಿಂಡರುಗಳ ನಡುವಿನ ತಗ್ಗಿನಲ್ಲಿ ಪೆಟ್ರೋಲ್ ಪೈಪುಗಳಿವೆ. ರಬ್ಬರ್ ಕಾದು ಕಾದು ಒಣಗುತ್ತದೆ. ಬೆರಳಿನಿಂದ ಬಾಗಿಸಿದಾಗ ಸಣ್ಣ ಬಿರುಕು ಕಂಡರೂ ಸಾಕು, ಕಾರು ಓಡಿಸಬೇಡಿ. ಪೆಟ್ರೋಲ್ ಸಿಂಪಡಿಸುವ ಹನ್ನೆರಡೂ ಇಂಜೆಕ್ಟರುಗಳ ಪೈಪುಗಳನ್ನು ಇಂಜೆಕ್ಷನ್ ಒತ್ತಡ ತಡೆಯುವ ಪೈಪಿಗೇ ಬದಲಿಸಬೇಕು. ಕಡಿಮೆ ಒತ್ತಡದ ಕಾರ್ಬುರೇಟರಿಗೆ ಹಾಕುವ ಅಗ್ಗದ ಪೈಪು ಇಲ್ಲಿ ಬೆಂಕಿಗೆ ಆಹ್ವಾನ.

ಹೆಚ್ಚಿನವರು ಮರೆಯುವುದು ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಅನ್ನು. ಲ್ಯೂಕಸ್ ಡಿಸ್ಟ್ರಿಬ್ಯೂಟರ್ ಕೂತಿರುವುದೂ ಅದೇ ತಗ್ಗಿನಲ್ಲಿ. ಒಳಗಿನ ಗ್ರೀಸ್ ಒಣಗಿ ಅಡ್ವಾನ್ಸ್, ಅಂದರೆ ವೇಗ ಏರಿದಂತೆ ಕಿಡಿಯನ್ನು ಬೇಗ ಬೀಳಿಸುವ ವ್ಯವಸ್ಥೆ, ಕಚ್ಚಿಕೊಳ್ಳುತ್ತದೆ. ಕಿಡಿ ತಡವಾಗಿ ಬಿದ್ದು ಎಕ್ಸಾಸ್ಟ್ ಇನ್ನೂ ಕಾಯುತ್ತದೆ, ಪೆಟ್ರೋಲೂ ಹೆಚ್ಚು ಖರ್ಚಾಗುತ್ತದೆ. ಬಯ್ಗುಳ ಮಾತ್ರ ಎಂಜಿನ್ನಿಗೆ. ಇಂಥ ಕಾರು ಕೊಳ್ಳಹೊರಟವರು ಮೊದಲು ಕಿಡಿ ಬೀಳುವ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದು, ಎಂಜಿನ್ ವೇಗ ನಿಧಾನವಾಗಿ ಏರಿಸಿ ನೋಡಲಿ. ವೇಗದ ಜೊತೆ ಎಂಜಿನ್ ಪುಲ್ಲಿಯ ಮೇಲಿನ ಟೈಮಿಂಗ್ ಗುರುತು ಜರುಗದಿದ್ದರೆ ಡಿಸ್ಟ್ರಿಬ್ಯೂಟರ್ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಸರಿಮಾಡಿಸದೆ ಕಾರನ್ನು ಹೆದ್ದಾರಿಗೆ ಇಳಿಸಬಾರದು.

– ಓದುಗ, ಬೆಂಗಳೂರು