ಎರಡು ಚೀಟಿಯನ್ನೂ ಒಟ್ಟಿಗೆ ತೋರಿಸು, ಅಕ್ಕ

ಎಡಿನ್‌ಬರೋ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಇಲ್ಲಿ ಕ್ಷೇಮ. ನೀವೂ ಕ್ಷೇಮ ಅಂತ ಬರೆಯೋಣ ಅಂದರೆ, ನಿನ್ನ ಬಿಪಿ 164ಕ್ಕೆ 96 ಅಂತ ಭಾವ ಹೇಳಿದ ಮೇಲೆ ಕೈ ಮುಂದೆ ಹೋಗುತ್ತಿಲ್ಲ. ಫೋನಿನಲ್ಲಿ ಹೇಳಿದರೆ ನೀನು ‘ಆಯ್ತು ಮಾರಾಯ’ ಅಂತ ಹೇಳಿ ಮಾತನ್ನು ಅಡಿಕೆ ರೇಟಿನ ಕಡೆ ತಿರುಗಿಸುತ್ತೀಯ. ಅದಕ್ಕೇ ಈ ಕಾಗದ. ಭಾವ, ನೀವೂ ಓದಿ. ಬೇಕಾದರೆ ಡಾಕ್ಟರಿಗೂ ತೋರಿಸಿ.

ನೀನು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ಒಂದೊಂದೇ ಮಾತ್ರೆಯ ಹೆಸರು ಓದಿದೆ. ಬಿಸ್ಕೆಟಿನ ಹಳೇ ಡಬ್ಬ, ಒಳಗೆ ಎರಡು ಪ್ಲಾಸ್ಟಿಕ್ ತೊಟ್ಟೆ. ಒಂದರಲ್ಲಿ ಊರಿನ ಸರ್ಕಾರಿ ಆಸ್ಪತ್ರೆಯ ಬಿಪಿ ಮಾತ್ರೆಗಳು: ಟೆಲ್ಮಿಸಾರ್ಟಾನ್, ಮೂತ್ರ ಜಾಸ್ತಿ ಹೋಗುವಂತೆ ಮಾಡುವ ಹೈಡ್ರೋಕ್ಲೋರೋಥಯಾಜೈಡ್, ಮತ್ತೆ ಅಮ್ಲೋಡಿಪಿನ್. ಇನ್ನೊಂದರಲ್ಲಿ ಮಂಗಳೂರಿನ ಎಲುಬು ಡಾಕ್ಟರು ಮೊಣಕಾಲಿಗೆ ಬರೆದ ಅಸೆಕ್ಲೋಫೆನಾಕ್. ತೊಟ್ಟೆಗಳೇನೋ ಒಂದೇ ಡಬ್ಬದಲ್ಲಿವೆ. ಆದರೆ ಬರೆದುಕೊಟ್ಟ ಇಬ್ಬರು ಡಾಕ್ಟರುಗಳೂ ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಿಲ್ಲ. ನಮ್ಮ ಕಾಸರಗೋಡಿನ ಗಡಿನಾಡಿನಲ್ಲಿ ಇದು ಎಷ್ಟೋ ಮನೆಗಳ ಕಥೆ. ಬಿಪಿ, ಸಕ್ಕರೆ ಕಾಯಿಲೆಗೆ ಊರಿನ ಆಸ್ಪತ್ರೆ. ಎಲುಬು, ಹೃದಯ ಅಂದರೆ ಮಂಗಳೂರು. ನಾವೇ ಚೀಟಿ ಹಿಡಿದುಕೊಂಡು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. 2020ರಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕರ್ನಾಟಕ-ಕೇರಳ ಗಡಿ ಮುಚ್ಚಿದಾಗ ನಮ್ಮವರು ಪಟ್ಟ ಪಾಡು ನೆನಪಿದೆ ಅಲ್ವಾ? ಆಗ ನೀನು ಹಳೇ ಚೀಟಿ ತೋರಿಸಿ ಮೆಡಿಕಲ್ಲಿನಿಂದ ನೋವಿನ ಮಾತ್ರೆ ತರಿಸಲು ಶುರು ಮಾಡಿದೆ. ಗಡಿ ತೆರೆಯಿತು, ಮಾತ್ರೆ ಮಾತ್ರ ನಿಲ್ಲಲಿಲ್ಲ.

ವಿಷಯಕ್ಕೆ ಬರುತ್ತೇನೆ. ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೇನ್, ನ್ಯಾಪ್ರೊಕ್ಸೆನ್ ಎಲ್ಲ ಒಂದೇ ಜಾತಿಯವು. ನೋವು, ಬಾವು ಇಳಿಸುತ್ತವೆ ನಿಜ. ಆದರೆ ಕಿಡ್ನಿಯು ಉಪ್ಪು, ನೀರನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುವಂತೆಯೂ ಮಾಡುತ್ತವೆ. ಅದರಿಂದ ಬಿಪಿ ಏರುತ್ತದೆ. ಅಷ್ಟೇ ಅಲ್ಲ, ಟೆಲ್ಮಿಸಾರ್ಟಾನ್ ಮತ್ತು ಆ ಮೂತ್ರದ ಮಾತ್ರೆಯ ಶಕ್ತಿಯನ್ನೂ ಕುಂದಿಸುತ್ತವೆ. ತೋಟದಲ್ಲಿ ಒಂದು ಕಡೆ ನೀರು ಹರಿದು ಹೋಗಲು ಕಣಿ ಬಿಡಿಸುತ್ತಾ ಇನ್ನೊಂದು ಕಡೆ ಪಂಪು ಹಾಕಿಟ್ಟರೆ ನೀರು ಇಳಿಯುತ್ತದಾ? ಅಮ್ಲೋಡಿಪಿನ್‌ಗೆ ಈ ತೊಂದರೆ ಅಷ್ಟಾಗಿ ಇಲ್ಲ. ಆದರೆ ಅದರಿಂದ ಕೆಲವರಿಗೆ ಪಾದದ ಗಂಟಿನ ಹತ್ತಿರ ನೀರು ತುಂಬುತ್ತದೆ. ನೋವಿನ ಮಾತ್ರೆಯಿಂದಲೂ ತುಂಬಬಹುದು. ಸಂಜೆ ಹೊತ್ತಿಗೆ ಚಪ್ಪಲಿ ಬಿಗಿಯಾಗುತ್ತದೆ ಅಂದೆಯಲ್ಲ, ಅದನ್ನು ಡಾಕ್ಟರ ಹತ್ತಿರ ಮರೆಯದೆ ಹೇಳು.

ನನಗೆ ಜಾಸ್ತಿ ಹೆದರಿಕೆ ಇರುವುದು ಕಿಡ್ನಿ ವಿಷಯದಲ್ಲಿ. ಟೆಲ್ಮಿಸಾರ್ಟಾನ್ ಜಾತಿಯದ್ದು, ಮೂತ್ರದ ಮಾತ್ರೆ, ಈ ನೋವಿನ ಮಾತ್ರೆ, ಮೂರೂ ಒಟ್ಟಿಗೆ ಹೊಟ್ಟೆ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳುವ ಸಂಭವ ಹೆಚ್ಚು. ವಾಂತಿಭೇದಿ ಆಗಿ ಮೈಯಲ್ಲಿ ನೀರು ಕಡಿಮೆಯಾದಾಗಲಂತೂ ಇನ್ನೂ ಅಪಾಯ. ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್, ಪೊಟ್ಯಾಸಿಯಂ ರಕ್ತಪರೀಕ್ಷೆ ಕೊನೆಗೆ ಮಾಡಿಸಿದ್ದು ಯಾವಾಗ ಅಂತ ಭಾವನಿಗೆ ನೆನಪಿದೆಯಾ?

ಬಿಪಿ ಇಳಿಯದಿದ್ದರೆ ಊರಿನ ಡಾಕ್ಟರು ಇನ್ನೊಂದು ಮಾತ್ರೆ ಸೇರಿಸುತ್ತಾರಂತೆ ಅಂತ ನೀನು ಅಂದೆ. ಸೇರಿಸುವ ಮೊದಲು ಅವರು ಆ ಎರಡನೇ ತೊಟ್ಟೆಯನ್ನು ನೋಡಲಿ. ಹಾಗಂತ ನೀನಾಗಿ ಬಿಪಿ ಮಾತ್ರೆ ನಿಲ್ಲಿಸಬೇಡ.

ನೋವನ್ನು ಸುಮ್ನೆ ಸಹಿಸಿಕೋ ಅಂತಲೂ ನಾನು ಹೇಳುವುದಿಲ್ಲ. ಹಾಗೆ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನೋವು ಇದ್ದರೂ ಬಿಪಿ ಏರುತ್ತದೆ. ರಾತ್ರಿ ನಿದ್ದೆ ಇಲ್ಲ, ಹಗಲು ನಡೆಯಲಾಗುವುದಿಲ್ಲ, ನಡೆಯದಿದ್ದರೆ ತೂಕ ಏರುತ್ತದೆ, ತೂಕ ಏರಿದರೆ ಮೊಣಕಾಲು ಮತ್ತೂ ನೋಯುತ್ತದೆ. ನನ್ನ ಬೆನ್ನಿನ ಕಥೆ ನಿನಗೆ ಗೊತ್ತಲ್ಲ. ನಮ್ಮಂಥ ಬಸ್ ಡ್ರೈವರುಗಳಿಗೆ ಇಲ್ಲೊಂದು ನಿಯಮ ಇದೆ. ಬಿಪಿ ಮೇಲಿನದ್ದು 180 ಅಥವಾ ಕೆಳಗಿನದ್ದು 100 ಮುಟ್ಟಿ ಅಲ್ಲೇ ನಿಂತರೆ, ಅದು ಇಳಿಯುವವರೆಗೆ ಬಸ್ ಓಡಿಸುವ ಹಾಗಿಲ್ಲ. ಬೆನ್ನು ನೋವು ಅಂತ ಮಾತ್ರೆ ನುಂಗಿದರೆ ಬಿಪಿ, ನುಂಗದಿದ್ದರೆ ಸ್ಟೇರಿಂಗ್ ಹಿಡಿದು ಕೂರಲಾಗದು. ಎರಡೂ ಕಡೆಯಿಂದ ಹೊಟ್ಟೆಪಾಡಿಗೇ ಕುತ್ತು. ಬಿಪಿ ಏರಿದಾಗ ಇಲ್ಲಿನ ಡಾಕ್ಟರು ಮೊದಲು ಕೇಳಿದ್ದೇ, ‘ಬೆನ್ನಿಗೆ ಏನು ತಗೊಳ್ತೀಯ’ ಅಂತ.

ಹಾಗಾದರೆ ಪ್ಯಾರಸಿಟಮಾಲ್ ಸಾಕಲ್ವಾ ಅಂತ ನೀನು ಕೇಳುತ್ತೀಯ. ಇಲ್ಲಿನ ಎಡಿನ್‌ಬರೋ ಯುನಿವರ್ಸಿಟಿಯವರು ಬಿಪಿ ಇರುವ 110 ಜನರಿಗೆ ಎರಡು ವಾರ ದಿನಕ್ಕೆ 4 ಗ್ರಾಂ ಪ್ಯಾರಸಿಟಮಾಲ್ ಕೊಟ್ಟು ನೋಡಿದ್ದರು. 2022ರಲ್ಲಿ ಅದರ ವರದಿ ಬಂತು. ಔಷಧಿಯೇ ಇಲ್ಲದ ಖಾಲಿ ಮಾತ್ರೆ ತಗೊಂಡಾಗಿನದಕ್ಕೆ ಹೋಲಿಸಿದರೆ ಮೇಲಿನ ಬಿಪಿ ಸುಮಾರು 5 ಪಾಯಿಂಟ್ ಏರಿತ್ತು. ಜ್ವರಕ್ಕೋ ತಲೆನೋವಿಗೋ ಅಪರೂಪಕ್ಕೆ ನುಂಗುವವರು ಇದಕ್ಕೆ ಹೆದರಬೇಕಾಗಿಲ್ಲ. ದಿನಾ ನುಂಗುವವರು ಮಾತ್ರ ಬಿಪಿ ನೋಡುತ್ತಾ ಇರಬೇಕು. ನೀರಿಗೆ ಹಾಕಿದರೆ ಬುಸ್ ಅಂತ ಕರಗುತ್ತದಲ್ಲ, ಆ ಥರದ ಮಾತ್ರೆ ಬೇಡವೇ ಬೇಡ. ಅದರಲ್ಲಿ ಸೋಡಿಯಂ ತುಂಬಿರುತ್ತದೆ, ಉಪ್ಪಿನಲ್ಲಿದ್ದು ಬಿಪಿ ಏರಿಸುವುದೂ ಅದೇ.

ಮೊಣಕಾಲಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಬಗ್ಗೆ ಡಾಕ್ಟರನ್ನು ಕೇಳು. ಅದು ರಕ್ತಕ್ಕೆ ಸೇರುವುದು ಮಾತ್ರೆಗಿಂತ ತುಂಬಾ ಕಡಿಮೆ. ಇನ್ನೊಂದು, ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಮುಂದಕ್ಕೆ ಚಾಚಿ, ತೊಡೆ ಬಿಗಿ ಹಿಡಿದು, ಹತ್ತು ಎಣಿಸಿ ಇಳಿಸು. ಆಮೇಲೆ ಇನ್ನೊಂದು ಕಾಲು. ಧಾರಾವಾಹಿ ನೋಡುವಾಗ ಮಾಡಿದರೂ ನಡೆಯುತ್ತದೆ. ತೊಡೆಗೆ ಬಲ ಬಂದರೆ ಮೊಣಕಾಲಿನ ಮೇಲಿನ ಭಾರ ಕಡಿಮೆಯಾಗುತ್ತದೆ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅಡಿಕೆ ಸುಲಿಯುವುದನ್ನು ಬಿಡು. ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಆ ಕಷಾಯದ ಪುಡಿಯಲ್ಲಿ ಜ್ಯೇಷ್ಠಮಧು ಇದೆಯಾ ನೋಡು. ಜಾಸ್ತಿ ದಿನ ಕುಡಿದರೆ ಅದೂ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ.

ಉಪ್ಪಿನ ವಿಷಯ ಬಂದರೆ ನಿನಗೆ ಸಿಟ್ಟು ಬರುತ್ತದೆ, ಆದರೂ ಬರೆಯುತ್ತೇನೆ. ಇಡೀ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಸುಮಾರು ಒಂದು ಟೀ ಚಮಚ. ಗಂಜಿಗೆ ಉಪ್ಪಿನಕಾಯಿ, ಮಧ್ಯಾಹ್ನ ಹಪ್ಪಳ, ಆಟಿಯ ಮಳೆಗಾಲದಲ್ಲಿ ಉಪ್ಪಲ್ಲಿ ಹಾಕಿಟ್ಟ ಹಲಸಿನ ಉಪ್ಪುಸೊಳೆ ಪಲ್ಯ... ನಮ್ಮ ಮನೆಯಲ್ಲಿ ಆ ಲೆಕ್ಕ ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಉಪ್ಪುಸೊಳೆ ಬಿಡು ಅಂತ ಹೇಳುವ ಧೈರ್ಯ ನನಗಿಲ್ಲ, ನನಗೇ ಇಲ್ಲಿ ಅದರ ಆಸೆ ಹೋಗಿಲ್ಲ. ಹಿಂದಿನ ರಾತ್ರಿಯೇ ನೀರಲ್ಲಿ ಹಾಕಿಡು, ನೀರು ಬದಲಾಯಿಸುತ್ತಾ ಇರು, ಹಿಂಡಿ ತೆಗೆದು ಪಲ್ಯ ಮಾಡು, ಮತ್ತೆ ಮೇಲಿನಿಂದ ಉಪ್ಪು ಹಾಕಬೇಡ. ಸೈಂಧವ ಉಪ್ಪು ಒಳ್ಳೆಯದು ಅನ್ನುವುದನ್ನು ನಂಬಬೇಡ, ಅದೂ ಸೋಡಿಯಮ್ಮೇ. ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟಾನ್ ಕೂಡ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು, ಅದನ್ನು ತಗೊಳ್ಳುವ ನೀನು ಡಾಕ್ಟರನ್ನು ಕೇಳದೆ ಆ ಉಪ್ಪನ್ನು ಮುಟ್ಟಬೇಡ.

ಬಿಪಿ ನೋಡುವಾಗಿನ ವೀಡಿಯೋ ಕಾಲ್‌ನಲ್ಲಿ ಒಂದು ಗಮನಿಸಿದೆ. ನೀನು ಮಂಚದ ತುದಿಯಲ್ಲಿ ಕಾಲು ನೇತಾಡಿಸಿ ಕೂತಿದ್ದೆ. ಮೆಷಿನಿನ ಪಟ್ಟಿಯನ್ನು ರವಿಕೆಯ ತೋಳಿನ ಮೇಲೆಯೇ ಸುತ್ತಿದ್ದೆ. ಪಟ್ಟಿ ಉಬ್ಬುತ್ತಿದ್ದಾಗ ನೀನು ನನ್ನ ಹತ್ತಿರ ಪಕ್ಕದ ಮನೆ ಮದುವೆ ಸುದ್ದಿ ಹೇಳುತ್ತಿದ್ದೆ! ಹಾಗೆ ಮಾಡಿದರೆ ಲೆಕ್ಕ ಮೇಲೆಯೇ ಬರುತ್ತದೆ. ಬೆನ್ನಿಗೆ ಒರಗು ಇರುವ ಕುರ್ಚಿ, ಪಾದ ನೆಲಕ್ಕೆ, ಬರಿ ತೋಳಿಗೆ ಪಟ್ಟಿ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಐದು ನಿಮಿಷ ಮಾತಿಲ್ಲದೆ ಕೂತು ನೋಡು, ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡು. ಅದಕ್ಕಿಂತ ಅರ್ಧ ಗಂಟೆ ಮೊದಲು ಕಾಫಿ ಬೇಡ. ಮನೆಯಲ್ಲಿ ನೋಡಿದ್ದರ ಸರಾಸರಿ 135ಕ್ಕೆ 85 ಅಥವಾ ಅದಕ್ಕೆ ಮೇಲಿದ್ದರೆ ಜಾಸ್ತಿ ಅಂತ ಲೆಕ್ಕ. ಭಾವ, ಒಂದು ನೋಟುಬುಕ್ಕಿನಲ್ಲಿ ಬರೆದಿಡಿ: ಬಿಪಿ ಎಷ್ಟು, ಆವತ್ತು ನೋವು ಹತ್ತರಲ್ಲಿ ಎಷ್ಟು, ನೋವಿನ ಮಾತ್ರೆ ತಗೊಂಡಳಾ. ಸಂತೆ ವ್ಯಾಪಾರಕ್ಕೆ ಅಕ್ಕನ ಮಲಯಾಳ ಸಾಕು, ನೋವು ವಿವರಿಸೋಕೆ ಸಾಲದು. ಬರೆದದ್ದನ್ನು ಮುಂದೆ ಹಿಡಿದರೆ ಯಾವ ಭಾಷೆಯ ಡಾಕ್ಟರಿಗೂ ಅರ್ಥವಾಗುತ್ತದೆ.

180 ದಾಟಿ, ಜೊತೆಗೆ ಎದೆನೋವು, ಉಬ್ಬಸ, ಮಾತು ತೊದಲುವುದು, ಒಂದು ಕೈಯೋ ಕಾಲೋ ಸೋಲುವುದು ಏನಾದರೂ ಇದ್ದರೆ ನನಗೆ ಫೋನ್ ಮಾಡಿ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಡಿಸೆಂಬರಿನಲ್ಲಿ ಇಲ್ಲಿಂದ ಊರಿಗೆ ಬರುವವರೊಬ್ಬರು ಇದ್ದಾರೆ. ಅವರ ಕೈಯಲ್ಲಿ ಹೊಸ ಮೆಷಿನ್ ಕಳಿಸುತ್ತೇನೆ. ಪಟ್ಟಿ ಸಣ್ಣದಾದರೆ ಬಿಪಿ ಇಲ್ಲದ್ದು ಇದೆ ಅಂತ ತೋರಿಸುತ್ತದೆ. ಟೈಲರ್ ಟೇಪಿನಲ್ಲಿ ನಿನ್ನ ಬಲತೋಳಿನ ಮೇಲ್ಭಾಗದ ಸುತ್ತಳತೆ ಅಳೆದು ಸೆಂಟಿಮೀಟರಿನಲ್ಲಿ ವಾಟ್ಸಾಪ್ ಮಾಡು. ಅಮ್ಮನದ್ದೂ ಅಳೆದು ಕಳಿಸು.

ನಿನ್ನ ತಮ್ಮ