ಮಗಳಿಗೊಂದು ಪತ್ರ: ನೋಡದೆ ಹಾಕಿದ ಸಹಿ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ಎರಡು ಸಲ ಕರೆ ಮಾಡಿದೆ. ನೀನು ಎತ್ತಲಿಲ್ಲ. ಒಳ್ಳೆಯದೇ ಆಯಿತು, ಎತ್ತಿದ್ದರೆ ಮತ್ತೆ ಕೂಗಾಡುತ್ತಿದ್ದೆ. ಕಾಗದದ ಮೇಲೆ ಕೂಗಲು ಬರುವುದಿಲ್ಲ, ತಪ್ಪಿದರೆ ಹೊಡೆದು ಹಾಕಬಹುದು. ಈ ಪತ್ರದಲ್ಲೂ ಅಲ್ಲಲ್ಲಿ ಹೊಡೆದು ಹಾಕಿದ್ದೇನೆ. ಒಂದೇ ಗೆರೆ, ಕೆಳಗಿನ ಅಕ್ಷರ ಓದಲು ಬರುವಂತೆ. ನರ್ಸ್ ಆಗಿ ಬೀಗದ ಔಷಧಿಗಳ ರಿಜಿಸ್ಟರ್ ಬರೆದ ಕೈಗೆ ಬೇರೆ ಥರ ಹೊಡೆಯಲು ಬರುವುದಿಲ್ಲ.

ಯಾರು ಏನೆಂದರು ಎಂಬುದನ್ನು ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ನಿನ್ನ ವಾರ್ಡಿನ ಆ ಆಂಪುಲ್, ನೋವಿನ ಚುಚ್ಚುಮದ್ದಿನ ಆ ಪುಟ್ಟ ಗಾಜಿನ ಸೀಸೆ, ನಲವತ್ತು ನಿಮಿಷ ಲೆಕ್ಕಕ್ಕೆ ಸಿಗಲಿಲ್ಲ, ಆಮೇಲೆ ಸಿಕ್ಕಿತು. ಕೊಟ್ಟಿದ್ದೀಯೆ, ಬರೆಯಲು ಮರೆತಿದ್ದೀಯೆ. ಅದು ಯಾರಿಗಾದರೂ ಆಗುವಂಥದ್ದು. ನನ್ನ ತಲೆ ಕೆಟ್ಟಿದ್ದು ಆಮೇಲೆ. 'ಉಳಿದ ಅರ್ಧವನ್ನು ಚೆಲ್ಲಿದ್ದಕ್ಕೆ ನನ್ನ ಗೆಳತಿ ನೋಡದೆಯೇ ಸಾಕ್ಷಿ ಸಹಿ ಹಾಕಿದಳು, ಎಲ್ಲರೂ ಹಾಗೆಯೇ ಹಾಕುತ್ತಾರೆ' ಎಂದು ನಕ್ಕೆಯಲ್ಲ, ಅಲ್ಲಿ. ಫೋನ್ ಇಡುವ ಮೊದಲು ನೀನು ಹೇಳಿದ ಮಾತೂ ಇದೆ: 'ಅಮ್ಮ, ನೀನು ಜೀವನವಿಡೀ ಎಣಿಸಿದ್ದು ಆಂಪುಲ್‌ಗಳನ್ನು. ನೋವನ್ನು ಎಣಿಸಲೇ ಇಲ್ಲ.' ಅದಕ್ಕೆ ಉತ್ತರ ಆಮೇಲೆ ಬರೆಯುತ್ತೇನೆ, ಧೈರ್ಯ ಬಂದರೆ.

ನಿನಗೆ ಎಂದೂ ಹೇಳದ ಒಂದು ವಿಷಯವಿದೆ. ನಾನು ಕೆಲಸಕ್ಕೆ ಸೇರಿ ಮೂರನೆಯ ವರ್ಷ. ರಾತ್ರಿ ಪಾಳಿಯಲ್ಲಿ ನನ್ನ ಜೊತೆಗೆ ಒಬ್ಬ ಹಿರಿಯ ಸಿಸ್ಟರ್ ಇದ್ದರು. ಸಿಗದ ರಕ್ತನಾಳವನ್ನು ಬೆರಳಿನಲ್ಲಿ ಹುಡುಕುವುದನ್ನು ಕಲಿಸಿದವರು ಅವರು. ಸಾಯುತ್ತಿರುವವರ ಮನೆಯವರೊಡನೆ ಹೇಗೆ ಮಾತನಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಕಲಿಸಿದವರೂ ಅವರೇ. ಆಗ ವಾರ್ಡಿನಲ್ಲಿ ಮೂಳೆಗೆ ಹರಡಿದ ಕ್ಯಾನ್ಸರ್ ಇದ್ದ ಒಬ್ಬ ನಿವೃತ್ತ ಮೇಷ್ಟ್ರು ಇದ್ದರು. ವೈದ್ಯರು 5 ಮಿಲಿಗ್ರಾಂ ಮಾರ್ಫಿನ್ ಬರೆಯುತ್ತಿದ್ದರು, ಆಂಪುಲ್ 10 ಮಿಲಿಗ್ರಾಂನದು. ಚಟ ಹಿಡಿಸಬಲ್ಲ ಔಷಧಿ, ಆದ್ದರಿಂದ ಉಳಿದ ಅರ್ಧವನ್ನು ಇಬ್ಬರ ಕಣ್ಣೆದುರು ಚೆಲ್ಲಬೇಕು, ಇಬ್ಬರೂ ಸಹಿ ಹಾಕಬೇಕು. ಸಿಸ್ಟರ್ ರಿಜಿಸ್ಟರ್ ಹಿಡಿದು ಬಂದು 'ಚೆಲ್ಲಿದೆ ಕಣೇ, ಇಲ್ಲೊಂದು ಸಹಿ ಹಾಕು' ಎನ್ನುತ್ತಿದ್ದರು. ನಾನು ಯಾರದೋ ಹಾಸಿಗೆಯ ಪಕ್ಕದಲ್ಲಿ, ಕೈಯಲ್ಲಿ ಏನೋ ಹಿಡಿದು ನಿಂತಿರುತ್ತಿದ್ದೆ. ಮೊಣಕೈಯಿಂದ ಪುಟವನ್ನು ಒತ್ತಿ ಹಿಡಿದು ಸಹಿ ಹಾಕುತ್ತಿದ್ದೆ.

ಅವರನ್ನು ಅನುಮಾನಿಸುವುದೆಂದರೆ ನನಗೆ ನಿನ್ನ ಅಜ್ಜಿಯನ್ನು ಅನುಮಾನಿಸಿದ ಹಾಗೆ.

ಒಂದು ರಾತ್ರಿ ಮೇಷ್ಟ್ರು ನರಳುತ್ತಿದ್ದರು. ರಿಜಿಸ್ಟರ್ ನೋಡಿದೆ, ಒಂದು ಗಂಟೆಯ ಹಿಂದೆ ಕೊಟ್ಟಾಗಿದೆ. 'ಈಗಷ್ಟೇ ಕೊಟ್ಟಿದ್ದಾರೆ ಸರ್, ಸ್ವಲ್ಪ ತಾಳಿಕೊಳ್ಳಿ' ಎಂದೆ. ಅವರು 'ಸೂಜಿ ಬಂತು ಸಿಸ್ಟರ್, ಔಷಧಿ ಬರಲಿಲ್ಲ' ಎಂದರು. ನೋವಿನಲ್ಲಿ ಏನೋ ಬಡಬಡಿಸುತ್ತಾರೆ ಎಂದುಕೊಂಡೆ. ನಾಡಿ ನೋಡಿದೆ, 110ರ ಮೇಲಿತ್ತು. ಉಸಿರು ನಿಮಿಷಕ್ಕೆ 26. ಟಾರ್ಚ್ ಹಾಕಿ ಕಣ್ಣು ನೋಡಿದೆ. ಪಾಪೆ ದೊಡ್ಡದಾಗಿತ್ತು, ಬೆಳಕು ಬಿದ್ದಾಗ ಸರಿಯಾಗಿಯೇ ಕುಗ್ಗಿತು. ಎಲ್ಲವನ್ನೂ ಚಾರ್ಟಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದೆ. ಬರೆದು ಮುಂದಿನ ಹಾಸಿಗೆಗೆ ಹೋದೆ.

ಆ ಪಾಪೆಯನ್ನು ನಾನು ಇನ್ನೂ ನೋಡುತ್ತಿದ್ದೇನೆ ಪುಟ್ಟಿ. ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ವಾರಗಟ್ಟಲೆ ಮಾರ್ಫಿನ್ ತೆಗೆದುಕೊಂಡವರ ದೇಹ ಬಹುಮಟ್ಟಿಗೆ ಅದಕ್ಕೆ ಒಗ್ಗಿಕೊಳ್ಳುತ್ತದೆ. ವಾಕರಿಕೆ ನಿಲ್ಲುತ್ತದೆ, ಮಂಪರು ಕಡಿಮೆಯಾಗುತ್ತದೆ. ಆದರೆ ಮಲಬದ್ಧತೆ ಹೋಗುವುದಿಲ್ಲ, ಪಾಪೆ ಸೂಜಿಮೊನೆಯಷ್ಟಾಗುವುದೂ ತಪ್ಪುವುದಿಲ್ಲ. ಒಂದು ಗಂಟೆಯ ಹಿಂದೆ ಮಾರ್ಫಿನ್ ಪಡೆದವರ ಪಾಪೆ ಹಾಗೆ ಅರಳಿರಬಾರದು. ರಿಜಿಸ್ಟರ್ ಒಂದು ಹೇಳುತ್ತಿತ್ತು, ಕಣ್ಣು ಇನ್ನೊಂದು ಹೇಳುತ್ತಿತ್ತು. ನಾನು ರಿಜಿಸ್ಟರನ್ನು ನಂಬಿದೆ. ಅದರಲ್ಲಿ ನನ್ನದೇ ಸಹಿ ಇತ್ತಲ್ಲ.

ಹತ್ತು ದಿನವಾದ ಮೇಲೆ ಸಿಸ್ಟರ್ ಬಟ್ಟೆ ಬದಲಿಸುವ ಕೋಣೆಯಲ್ಲಿ ನೆಲದ ಮೇಲೆ ಬಿದ್ದಿದ್ದರು. ತುಟಿ ನೀಲಿ, ಉಸಿರು ನಿಮಿಷಕ್ಕೆ ನಾಲ್ಕೋ ಐದೋ. ಮಾರ್ಫಿನ್‌ನ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಕೊಟ್ಟ ಎರಡೇ ನಿಮಿಷಕ್ಕೆ ಎದ್ದು ಕೂತು ನನ್ನ ಮುಖ ನೋಡಿದರು. ಗಂಟೆಯೊಳಗೆ ಮತ್ತೆ ಕುಸಿದರು, ಏಕೆಂದರೆ ನಲೋಕ್ಸೋನ್ ಇಳಿದ ಮೇಲೂ ಮಾರ್ಫಿನ್ ರಕ್ತದಲ್ಲಿ ಉಳಿದಿರುತ್ತದೆ. ಎರಡನೆಯ ಸಲವೂ ಬದುಕಿಸಿಕೊಂಡೆವು. ಆಮೇಲೆ ಎಲ್ಲವೂ ಹೊರಗೆ ಬಂತು. ರೋಗಿಯೊಬ್ಬರನ್ನು ಎತ್ತುವಾಗ ಅವರ ಬೆನ್ನು ಉಳುಕಿತ್ತಂತೆ, ತಿಂಗಳುಗಟ್ಟಲೆ ನೋವು. ಮೊದಲು ಚೆಲ್ಲಬೇಕಾದ ಅರ್ಧ. ನಂತರ ಅದು ಸಾಲದೆ, ಮೇಷ್ಟ್ರ ಪಾಲಿನ ಅರ್ಧವೂ. ಮೇಷ್ಟ್ರ ಮೈಗೆ ಹೋಗುತ್ತಿದ್ದದ್ದು ಬರೀ ಸಲೈನ್.

ವಿಚಾರಣೆಯಲ್ಲಿ ರಿಜಿಸ್ಟರ್ ತೆರೆದು ನನ್ನ ಮುಂದಿಟ್ಟರು. ಹನ್ನೊಂದು ಕಡೆ ನನ್ನ ಸಹಿ. 'ಚೆಲ್ಲಿದ್ದನ್ನು ನೋಡಿದ್ದೀರಾ?' ಎಂದು ಹನ್ನೊಂದು ಸಲ ಕೇಳಿದರು, ಹನ್ನೊಂದು ಸಲ 'ಇಲ್ಲ' ಎಂದೆ. ಎಚ್ಚರಿಕೆ ಕೊಟ್ಟು ಬಿಟ್ಟರು. ಸಿಸ್ಟರ್ ಕೆಲಸ ಹೋಯಿತು. ಅವರನ್ನು ಕಳ್ಳಿ ಎಂದು ಕರೆದವರ ಮೇಲೆ ನನಗೆ ಆಗಲೂ ಸಿಟ್ಟಿತ್ತು, ಈಗಲೂ ಇದೆ. ಅವರು ಕಾಯಿಲೆ ಬಿದ್ದಿದ್ದರು. ಮೊದಲನೆಯ ರಾತ್ರಿಯೇ ನಾನು 'ತಡೆಯಿರಿ, ಬಂದೆ, ನನ್ನೆದುರು ಚೆಲ್ಲಿ' ಎಂದಿದ್ದರೆ ಅದು ಅಷ್ಟು ದೂರ ಹೋಗುತ್ತಿತ್ತೇ? ಬಹುಶಃ ಬೇರೆ ದಾರಿ ಹುಡುಕಿಕೊಳ್ಳುತ್ತಿದ್ದರು. ಗೊತ್ತಿಲ್ಲ. ಮೇಷ್ಟ್ರಿಗಂತೂ ಎಷ್ಟೋ ರಾತ್ರಿಯ ನೋವು ಉಳಿಯುತ್ತಿತ್ತು, ಅಂದರೆ ಉಳಿತಾಯವಾಗುತ್ತಿತ್ತು. ನೋಡು, ಇಷ್ಟು ವರ್ಷವಾದರೂ ಈ ವಾಕ್ಯ ನನಗೆ ನೆಟ್ಟಗೆ ಬರೆಯಲು ಬರುವುದಿಲ್ಲ. ವಿಚಾರಣೆ ಮುಗಿಯುವ ಮೊದಲೇ ಮೇಷ್ಟ್ರು ತೀರಿಕೊಂಡರು. ಅವರಿಗೆ ಯಾರೂ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ನಿನ್ನ ಗೆಳತಿಯನ್ನು ನಾನು ಅನುಮಾನಿಸುತ್ತಿಲ್ಲ, ನಿನ್ನನ್ನಂತೂ ಅಲ್ಲವೇ ಅಲ್ಲ. ನಿನ್ನೆ ಅದು ಹಾಗೆ ಕೇಳಿಸಿದ್ದರೆ ತಪ್ಪಾಯಿತು. ನೀನು ಒಳ್ಳೆಯವಳು, ಅವಳೂ ಒಳ್ಳೆಯವಳು. ನಾನೂ ಸಿಸ್ಟರೂ ಕೆಟ್ಟವರಾಗಿರಲಿಲ್ಲ.

ಈಗ ಭಾಷಣ ಶುರುವಾಗುತ್ತದೆ, ಬೇಡವೆನಿಸಿದರೆ ಮುಂದಿನ ಪುಟಕ್ಕೆ ಹೋಗು. ಪಾಳಿ ಬದಲಾಗುವಾಗಿನ ಎಣಿಕೆಯಲ್ಲಿ ಒಬ್ಬಳು ಪೆಟ್ಟಿಗೆ ನೋಡಿ ಎಣಿಸಲಿ, ಇನ್ನೊಬ್ಬಳು ಪುಸ್ತಕ ನೋಡಲಿ. ಪುಸ್ತಕದ ಸಂಖ್ಯೆಯನ್ನು ಮೊದಲೇ ಓದಿ ಹೇಳಿಬಿಟ್ಟರೆ ಎಣಿಸುವವಳ ಕಣ್ಣು ಅದೇ ಸಂಖ್ಯೆಯನ್ನು ಕಾಣುತ್ತದೆ. ಪೆಟ್ಟಿಗೆಯ ಮುಚ್ಚಳ ತೆಗೆದು ಎಣಿಸಿ, ಹೊರಗಿನಿಂದ ತುಂಬಿದಂತೆ ಕಾಣುವ ಪೆಟ್ಟಿಗೆಯನ್ನು ನಂಬಬೇಡ. ಬೀಗದ ಕೈ ನಿನ್ನ ಮೈಮೇಲಿರಲಿ, ಮೇಜಿನ ಡ್ರಾಯರಿನಲ್ಲಿ ಬೇಡ. ಫೆಂಟನಿಲ್ ಬರೆಯುವಾಗ ಮೈಕ್ರೋಗ್ರಾಂ ಎಂದು ಪೂರ್ತಿ ಬರೆ. ಚುಚ್ಚುಮದ್ದಿನಲ್ಲಿ ಅದರ 100 ಮೈಕ್ರೋಗ್ರಾಂ ಹೆಚ್ಚುಕಡಿಮೆ 10 ಮಿಲಿಗ್ರಾಂ ಮಾರ್ಫಿನ್‌ಗೆ ಸಮ, ಅಲ್ಲಿ ಒಂದು ಅಕ್ಷರ ತಪ್ಪಿದರೆ ಸಾವಿರ ಪಟ್ಟು ತಪ್ಪುತ್ತದೆ. ಹೈಡ್ರೋಮಾರ್ಫೋನ್ ಕೈಗೆ ಬಂದಾಗ ಹೆಸರನ್ನು ಎರಡು ಸಲ ಓದು. ಅದು ಮಾರ್ಫಿನ್‌ನ ಇನ್ನೊಂದು ಹೆಸರೆಂದು ಭಾವಿಸಿ ಕೊಟ್ಟವರಿದ್ದಾರೆ, ಅದರ ಬಲ ಐದು ಪಟ್ಟಿಗಿಂತ ಕಡಿಮೆಯಿಲ್ಲ. ಡೋಸ್ ಕೊಟ್ಟ ಮೇಲೆ ಆಮ್ಲಜನಕದ ಅಂಕಿಯನ್ನಷ್ಟೇ ನೋಡುತ್ತ ಕೂರಬೇಡ. ಉಸಿರು ಇಳಿಯುವ ಮೊದಲು ಮಂಪರು ಏರುತ್ತದೆ, ಮಾತನಾಡಿಸಿ ನೋಡು.

ಇದೆಲ್ಲ ನಿನಗೆ ಗೊತ್ತು. ನನಗಿಂತ ಚೆನ್ನಾಗಿ ಗೊತ್ತು. ಹೋದ ವರ್ಷ ಚರ್ಮಕ್ಕೆ ಫೆಂಟನಿಲ್ ಪಟ್ಟಿ ಅಂಟಿಸಿದ್ದ ರೋಗಿ ಅಜ್ಜಿಯೊಬ್ಬರಿಗೆ ಬೆನ್ನು ನೋವೆಂದು ಮಗ ಬಿಸಿನೀರಿನ ಚೀಲ ಇಟ್ಟಿದ್ದನ್ನು ನೋಡಿ ನೀನು ಓಡಿಹೋಗಿ ತೆಗೆದೆಯಲ್ಲ, ಶಾಖಕ್ಕೆ ಔಷಧಿ ಒಮ್ಮೆಲೇ ಮೈಗೆ ಇಳಿಯುತ್ತದೆ ಎಂದು. ಆ ದಿನ ಫೋನಿನಲ್ಲಿ ನಾನು 'ಹೂಂ, ಸರಿ' ಎಂದೆ ಅಷ್ಟೆ. ಫೋನ್ ಇಟ್ಟ ಮೇಲೆ ನಿನ್ನ ಅಪ್ಪನಿಗೆ ಮೂರು ಸಲ ಹೇಳಿದೆ. ಅವರು ಈಗಲೂ ನನ್ನನ್ನು ಅದಕ್ಕೆ ರೇಗಿಸುತ್ತಾರೆ. ನಿನಗೆ ಹೇಳಬೇಕಿತ್ತು.

ನೀನು ಓದುವಾಗ ನನ್ನನ್ನು ಕೇಳಿದ್ದೆ: 'ಕೆಲವು ಔಷಧಿಗೆ ಎರಡು ಬೀಗ, ಕೆಲವಕ್ಕೆ ಒಂದೂ ಇಲ್ಲ, ಯಾಕೆ?' ಅಪಾಯಕಾರಿಯಾದ್ದರಿಂದ ಎಂದು ನಾನು ಬಾಯಿಗೆ ಬಂದ ಉತ್ತರ ಕೊಟ್ಟೆ. ಅದು ತಪ್ಪು ಉತ್ತರ, ಈಗ ತಿದ್ದುತ್ತೇನೆ. ಪೊಟ್ಯಾಸಿಯಂ ಕ್ಲೋರೈಡಿನ ಸಾಂದ್ರ ದ್ರಾವಣ ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲುತ್ತದೆ. ಇನ್ಸುಲಿನ್ ಹತ್ತು ಪಟ್ಟು ಹೋದರೆ ರೋಗಿ ಉಳಿಯುವುದು ಕಷ್ಟ. ಅವೆರಡೂ ಮಾದಕ ದ್ರವ್ಯಗಳ ಯಾವ ಪಟ್ಟಿಯಲ್ಲೂ ಇಲ್ಲ. ಪಟ್ಟಿ ಅಳೆಯುವುದು ದುರ್ಬಳಕೆಯ ಸಾಧ್ಯತೆಯನ್ನು, ಅದರ ಎದುರಿಗೆ ಚಿಕಿತ್ಸೆಯ ಉಪಯೋಗವನ್ನು. ಅದರಲ್ಲೂ ಅಚ್ಚುಕಟ್ಟು ಹುಡುಕಬೇಡ. ಮಾದಕ ಔಷಧಿಗಳ ಬಗೆಗಿನ 1961ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಮಾರ್ಫಿನ್, ಫೆಂಟನಿಲ್ ಮೊದಲನೆಯ ಷೆಡ್ಯೂಲಿನಲ್ಲಿವೆ, ಕೋಡೀನ್ ಎರಡನೆಯದರಲ್ಲಿ. ಮಂಪರು ತರಿಸುವ ಡಯಾಜೆಪಾಮ್, ಮಿಡಜೋಲಾಮ್, ಫೀನೋಬಾರ್ಬಿಟಾಲ್ 1971ರ ಇನ್ನೊಂದು ಒಪ್ಪಂದಕ್ಕೆ ಸೇರಿವೆ. ಬ್ಯುಪ್ರೆನಾರ್ಫಿನ್ ಮಾರ್ಫಿನ್‌ನ ಬಳಗದ್ದೇ, ಆದರೂ ಕೂತಿರುವುದು 1971ರ ಮನೆಯಲ್ಲಿ. ಅರಿವಳಿಕೆಯ ಕೆಟಮಿನ್ ಮತ್ತು ನೋವಿನ ಟ್ರಮಡಾಲ್ ಎರಡು ಒಪ್ಪಂದಗಳಲ್ಲೂ ಇಲ್ಲ, ಆದರೂ ಎಷ್ಟೋ ದೇಶಗಳು ತಮ್ಮ ಕಾನೂನಿನಲ್ಲಿ ಅವಕ್ಕೆ ಬೀಗ ಹಾಕಿವೆ. ಆದ್ದರಿಂದ ಬೀಗ ಇಲ್ಲದ್ದನ್ನು ಹಗುರವಾಗಿ ಕಾಣಬೇಡ, ಬೀಗ ಇರುವುದಕ್ಕೆ ಹೆದರಬೇಡ.

ಹೆದರಬೇಡ ಎಂದು ಬರೆದೆ. ಇಲ್ಲಿಗೆ ಬರದೆ ಬೇರೆ ಏನನ್ನೋ ಬರೆಯುತ್ತಿದ್ದೆ ಅನ್ನಿಸುತ್ತದೆ. ನಿನ್ನ ಮಾತಿಗೆ ಉತ್ತರ ಇದು.

ಆ ವಿಚಾರಣೆಯ ನಂತರ ನಾನು ಹೆದರಿದೆ. ಎಷ್ಟು ಹೆದರಿದೆನೆಂದರೆ ಬೀರುವಿನ ಬಾಗಿಲು ತೆರೆಯುವುದೇ ಒಂದು ಶಿಕ್ಷೆಯಾಯಿತು. ನೋವು ಎಂದವರಿಗೆಲ್ಲ ಮೊದಲು ಪ್ಯಾರಾಸಿಟಮಾಲ್, ಆಮೇಲೆ 'ನೋಡೋಣ', ಆಮೇಲೆ 'ವೈದ್ಯರು ಬರಲಿ'. ಆಗ ಒಬ್ಬ ಹುಡುಗ ಬಂದ, ಇಪ್ಪತ್ತು ವರ್ಷದವನು, ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್. ಆ ಕಾಯಿಲೆಯಲ್ಲಿ ರಕ್ತನಾಳ ಕಟ್ಟಿಕೊಂಡಾಗ ಬರುವ ನೋವನ್ನು ನೀನು ನೋಡಿದ್ದೀಯೆ. ಅವನು ಗಡಿಯಾರ ನೋಡಿಕೊಂಡು, ಔಷಧಿಯ ಹೆಸರು ಹೇಳಿ, ಡೋಸ್ ಕೂಡ ಹೇಳಿ ಕೇಳಿದ. ಅಷ್ಟು ಗೊತ್ತಿದ್ದದ್ದೇ ಅವನ ತಪ್ಪಾಯಿತು. 'ಪದೇ ಪದೇ ಇಂಜೆಕ್ಷನ್ ಕೇಳುತ್ತಾನೆ' ಎಂದು ಚಾರ್ಟಿನಲ್ಲಿ ಬರೆದೆ. ಆ ಒಂದು ಸಾಲು ಪಾಳಿಯಿಂದ ಪಾಳಿಗೆ ಹೋಯಿತು, ಎಲ್ಲರೂ ಅದನ್ನು ಓದಿಕೊಂಡೇ ಅವನ ಹತ್ತಿರ ಹೋದರು. ದೇಹ ಔಷಧಿಗೆ ಒಗ್ಗುವುದು ಬೇರೆ, ನಿಲ್ಲಿಸಿದರೆ ದೇಹ ನಡುಗುವುದು ಬೇರೆ, ಚಟ ಬೇರೆ ಎಂದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಮೇಷ್ಟ್ರ ವಿಷಯದಲ್ಲಿ ನಾನು ಪುಸ್ತಕವನ್ನು ನಂಬಿ ಮನುಷ್ಯನನ್ನು ನಂಬಲಿಲ್ಲ. ಈ ಹುಡುಗನ ವಿಷಯದಲ್ಲಿಯೂ ಅದನ್ನೇ ಮಾಡಿದೆ. ಪಾಠ ಕಲಿತೆ ಎಂದುಕೊಂಡಿದ್ದೆ, ಕಲಿತದ್ದು ಭಯ ಮಾತ್ರ. ಆ 1961ರ ಒಪ್ಪಂದದ ಪೀಠಿಕೆಯನ್ನು ನಾನು ಓದಿದ್ದು ನಿವೃತ್ತಳಾದ ಮೇಲೆ. ನೋವು ನೀಗಲು ಈ ಔಷಧಿಗಳು ಅನಿವಾರ್ಯ, ಅವು ಸಿಗುವಂತೆ ತಕ್ಕ ಏರ್ಪಾಡು ಮಾಡಬೇಕು ಎಂಬುದು ಅದರ ಮೊದಲಿನಲ್ಲೇ ಇದೆ, ದುರ್ಬಳಕೆಯ ಮಾತಿಗೂ ಮೊದಲು. ನಾನು ಮೂವತ್ತು ವರ್ಷ ಬೀಗದ ಭಾಗವನ್ನಷ್ಟೇ ಪಾಲಿಸಿದೆ.

ಆದ್ದರಿಂದ ನಿನ್ನ ಮಾತು ನಿಜ. ಆದರೆ ಪೂರ್ತಿ ನಿಜವಲ್ಲ, ಅಷ್ಟು ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ ನಾನು. ಮೇಷ್ಟ್ರಿಗೆ ಸಿಗಬೇಕಾದದ್ದು ಸಿಕ್ಕಿದೆಯೇ ಎಂದು ತಿಳಿಯಲು ಆಂಪುಲ್ ಎಣಿಸಬೇಕಿತ್ತು, ಚೆಲ್ಲುವುದನ್ನು ನೋಡಬೇಕಿತ್ತು, ಆಮೇಲೆ ಟಾರ್ಚ್ ಹಾಕಿ ನೋಡಿದ ಅವರ ಕಣ್ಣನ್ನೂ ನಂಬಬೇಕಿತ್ತು. ನೀನು ಅವಸರದಲ್ಲಿ ಮೊದಲಿನ ಎರಡನ್ನು ಬಿಡುತ್ತಿದ್ದೀಯೆ. ನಾನು ಚೆಲ್ಲುವುದನ್ನೂ ನೋಡಲಿಲ್ಲ, ಕಣ್ಣನ್ನೂ ನಂಬಲಿಲ್ಲ. ಸಹಿ ಹಾಕುವ ಮೊದಲು ಹೋಗಿ ನೋಡು, ಅರ್ಧ ನಿಮಿಷದ ಕೆಲಸ. ಗೆಳತಿ ಮುಖ ಸಣ್ಣಗೆ ಮಾಡಿದರೆ ಮಾಡಲಿ. 'ನಮ್ಮಮ್ಮ ಬೈಯುತ್ತಾಳೆ' ಎನ್ನು, ಸುಳ್ಳೇನಲ್ಲ.

ಒಂದು ಕ್ಷಮೆ ಉಳಿದಿದೆ. ನಿನ್ನೆ ನೀನು ಫೋನ್ ಮಾಡಿದಾಗ ಮೊದಲು ಹೇಳಿದ್ದು ಆರನೆಯ ಹಾಸಿಗೆಯವರ ಬಗ್ಗೆ, ಅವರು ಕಿರುಚುತ್ತಿದ್ದುದರಿಂದಲೇ ಬರೆಯಲು ಮರೆತೆ ಎಂದು. ನಾನು ಕೇಳಿದ ಮೊದಲ ಪ್ರಶ್ನೆ 'ಲೆಕ್ಕ ಸರಿಹೋಯಿತಾ?' ಎಂಬುದು. ಅವರ ಬಗ್ಗೆ ಕೇಳಲೇ ಇಲ್ಲ.

ಈ ಪತ್ರ ನಿನ್ನ ಕೈಗೆ ಬರುವಷ್ಟರಲ್ಲಿ ರಾತ್ರಿ ಪಾಳಿಯ ವಾರ ಮುಗಿದಿರುತ್ತದೆ. ನಿದ್ದೆ ಮಾಡಿ ಎದ್ದ ಮೇಲೆ ಫೋನ್ ಮಾಡು. ಈ ಸಲ ಮೊದಲು ಆರನೆಯ ಹಾಸಿಗೆಯವರ ವಿಷಯ ಹೇಳು. ಡೋಸ್ ಸಾಕಾಗುತ್ತಿದೆಯೇ, ಇಲ್ಲದಿದ್ದರೆ ವೈದ್ಯರಿಗೆ ತಿಳಿಸಿದ್ದೀಯಾ, ರಾತ್ರಿ ಎಷ್ಟು ಹೊತ್ತು ಮಲಗಿದರು?

ನಿನ್ನ ಅಮ್ಮ